ಭೋಸರಿಯಿಂದ ಗಣೇಶಖಿಂಡಿಗೆ: ಎಂ.ಎ. ಓದಲು ಹೊರಡುವ ಮುನ್ನ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು, ಸ್ನಾತಕೋತ್ತರ ತರಗತಿಗಳಿಗೆ ಅರ್ಜಿ ಹಾಕುವ ಕಾಲ ಬಂತೆಂದರೆ ಭೋಸರಿಯ ನಮ್ಮ ಬಾಂಧವರ ಮನೆಗಳಲ್ಲಿ ಸಂಭ್ರಮವೂ ದಿಗಿಲೂ ಒಟ್ಟಿಗೇ ತಲೆದೋರುತ್ತವೆ. ಲಾಂಡೇವಾಡಿಯ ಚಾಳಿನ ಖೋಲಿಯಲ್ಲಾಗಲಿ, ಎಂ.ಐ.ಡಿ.ಸಿ. ಕಾರಖಾನೆಗಳ ಬೆನ್ನಿಗಿರುವ ಬಾಡಿಗೆ ಮನೆಯಲ್ಲಾಗಲಿ, ತಂದೆ ಹೊಟೇಲಿನಿಂದಲೋ ಆಫೀಸಿನಿಂದಲೋ ಬಂದು ಅಂಗಿ ಬಿಚ್ಚುವ ಮೊದಲೇ ಮಾತು ಆರಂಭವಾಗುತ್ತದೆ. ಯಾವ ವಿಷಯ, ಎಷ್ಟು ಫೀಸು, ಓದಿದ ಮೇಲೆ ನೌಕರಿ ಸಿಗುವುದೋ ಇಲ್ಲವೋ - ಈ ಮೂರು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಮಗ ಎಲ್ಲಿ ಕುಳಿತು ಓದುವನು, ಅವನ ಸಂಜೆಯ ಪಾಳಿಯನ್ನು ಯಾರು ವಹಿಸುವರು, ಮಳೆಗಾಲದಲ್ಲಿ ಪುಸ್ತಕಗಳನ್ನು ಯಾವ ಚೀಲದಲ್ಲಿ ಒಯ್ಯುವನು, ಅವನೇ ಸಾಕಿದ ನಾಯಿಗೆ ಅನ್ನ ಹಾಕುವವರು ಯಾರು ಎಂದು ಕೇಳುವವರು ಮಾತ್ರ ಕಡಮೆ.

ನಮ್ಮವರ ಮಕ್ಕಳು ಉಚ್ಚಶಿಕ್ಷಣವನ್ನು ಅರ್ಧಕ್ಕೆ ಬಿಟ್ಟುದನ್ನು ನಾವು ಕಂಡಷ್ಟರಮಟ್ಟಿಗೆ ಹೇಳುವುದಾದರೆ, ಫೀಸು ಕಟ್ಟಲಾಗದೆ ಬಿಟ್ಟವರು ಕೆಲವರೇ. ಫೀಸಿಗೆ ಹೇಗಾದರೂ ದಾರಿಯಾಗುತ್ತದೆ. ಧಣಿಯು ಮುಂಗಡ ಕೊಡುತ್ತಾನೆ, ಸಂಬಂಧಿಕರು ಕೈ ನೀಡುತ್ತಾರೆ, ತೀರ ಕಷ್ಟವಾದರೆ ತಾಯಿಯ ಬಳೆ ಬ್ಯಾಂಕಿಗೆ ಹೋಗುತ್ತದೆ. ಹುಡುಗ ಸೋಲುವುದು ನಿತ್ಯದ ಸಣ್ಣಪುಟ್ಟ ಸಂಗತಿಗಳಿಂದ. ಪ್ರವೇಶ ದೊರೆತ ಸಂತೋಷದಲ್ಲಿ ಯಾರೂ ಇತ್ಯರ್ಥಪಡಿಸದೆ ಬಿಟ್ಟ ಆ ಸಂಗತಿಗಳು ಒಂದೊಂದಾಗಿ ಸೇರಿಕೊಂಡು, ದೀಪಾವಳಿಯ ಹೊತ್ತಿಗೆ ಅವನನ್ನು ಮತ್ತೆ ಗಲ್ಲಾದ ಮುಂದೆ ತಂದು ನಿಲ್ಲಿಸುತ್ತವೆ. ಆದುದರಿಂದ ಕಾಲೇಜು ಆರಂಭವಾಗುವ ಮುನ್ನವೇ ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸತಕ್ಕ ಕೆಲವು ವಿಚಾರಗಳನ್ನು ಇಲ್ಲಿ ಹೇಳಬಯಸುತ್ತೇವೆ. ಎಸ್.ಎಸ್.ಎಲ್.ಸಿ.ಗೆ ನಿಂತವರು ಎಂ.ಎ. ಕುರಿತು ಬರೆಯುವುದುಂಟೆ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಗಲ್ಲಾದ ಹಿಂದೆ ಕುಳಿತವನಿಗೆ ಓದುವ ಹುಡುಗರ ಹಸಿವು, ನಿದ್ರೆ, ಕಿಸೆ ಈ ಮೂರೂ ಚೆನ್ನಾಗಿ ಕಾಣುತ್ತವೆ.

ಪುಣೆಯಲ್ಲಿ ಓದುವವರಿಗೂ ನಮ್ಮ ವೃತ್ತಿಗೂ ಇರುವ ನಂಟು ಹಳೆಯದು. 1885ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜಿನ ಹೆಸರನ್ನೇ ಹೊತ್ತ ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ರೂಪಾಲಿ, ವೈಶಾಲಿಗಳ ಮೇಜುಗಳ ಮುಂದೆ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಒಂದು ಕಾಪಿ ತರಿಸಿಕೊಂಡು ಎರಡು ಗಂಟೆ ಕುಳಿತಿರಲಿಕ್ಕಿಲ್ಲ! ಅವರಿಗೆ ದೋಸೆ ತಂದಿಟ್ಟವರು, ನೀರಿನ ಲೋಟ ತುಂಬಿದವರು ಕುಂದಾಪುರ, ಉಡುಪಿ, ಕಾರ್ಕಳ ಸೀಮೆಯ ನಮ್ಮ ಹುಡುಗರು. ಇಂದು ಅಂಥವರ ಮಕ್ಕಳೇ ಆ ಮೇಜಿನ ಇನ್ನೊಂದು ಕಡೆಯಲ್ಲಿ ಕುಳಿತುಕೊಳ್ಳಲು ಹೊರಟಿದ್ದಾರೆ. ಗಣೇಶಖಿಂಡಿಯಲ್ಲಿ ಹಿಂದೆ ಮುಂಬಯಿ ಗವರ್ನರರ ಮಳೆಗಾಲದ ನಿವಾಸವಾಗಿದ್ದ ಕಟ್ಟಡದಲ್ಲಿ 1949ರಲ್ಲಿ ಪುಣೆ ವಿಶ್ವವಿದ್ಯಾಲಯವು ನೆಲೆಗೊಂಡಿತು. 2014ರಿಂದ ಅದಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರು. ಭೋಸರಿಯಿಂದ ಅಲ್ಲಿಗೆ ಸುಮಾರು 12 ಕಿಲೋಮೀಟರು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಲು ಹತ್ತದ ಹುಡುಗನಿಗೆ ಆ ಹನ್ನೆರಡು ಕಿಲೋಮೀಟರು ಬಹಳ ದೂರ.

ಮೊದಲು ಇತ್ಯರ್ಥವಾಗಬೇಕಾದುದು ಪಾಳಿಯ ಪ್ರಶ್ನೆ. ಬಿ.ಕಾಂ. ಓದುವಾಗ ಬೆಳಿಗ್ಗೆ ಕಾಲೇಜು, ಸಂಜೆ ಆರರಿಂದ ಹನ್ನೊಂದರವರೆಗೆ ಹೊಟೇಲು ಎಂದು ನಡೆಸಿದ ಹುಡುಗರು ಅನೇಕರು. ಅದೇ ಲೆಕ್ಕ ಎಂ.ಎ.ಗೂ ನಡೆಯುವುದೆಂದು ತಂದೆ ತಿಳಿದಿರುತ್ತಾನೆ; ಮಗನೂ ಬಾಯಿ ಬಿಡುವುದಿಲ್ಲ. ಆದರೆ ಸ್ನಾತಕೋತ್ತರ ತರಗತಿಯ ಬಗೆಯೇ ಬೇರೆ. ವರ್ಷದ ಕೊನೆಗೆ ಒಂದು ಪರೀಕ್ಷೆ ಬರೆದು ಪಾರಾಗುವ ಕಾಲ ಹೋಯಿತು. ಆರು ತಿಂಗಳಿಗೊಂದು ಸೆಮಿಸ್ಟರು. ಅದರೊಳಗೆ ಒಳಪರೀಕ್ಷೆ, ಲೇಖನ, ಸೆಮಿನಾರು, ಹಾಜರಿ. ಹತ್ತು ಪುಟದ ಲೇಖನಕ್ಕೆ ನೂರು ಪುಟ ಓದಬೇಕಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಶಟರು ಎಳೆದು, ಹನ್ನೆರಡಕ್ಕೆ ಊಟ ಮಾಡಿ, ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವವನು ಆ ನೂರು ಪುಟವನ್ನು ಯಾವಾಗ ಓದಬೇಕು?

ನಮ್ಮ ಹೊಟೇಲಿನಲ್ಲಿ ಹಿಂದೆ ಒಬ್ಬ ಸಪ್ಲಾಯರ್ ಹುಡುಗನಿದ್ದ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದ. ಒಂದು ದಿನ ಗಲ್ಲಾದ ಬಳಿ ಬಂದು, “ಧಣಿಗಳೇ, ನನ್ನನ್ನು ಸಪ್ಲೈಯಿಂದ ತೆಗೆದು ಶನಿವಾರ, ಭಾನುವಾರ ಮಾತ್ರ ಗಲ್ಲಾಕ್ಕೆ ಹಾಕುತ್ತೀರಾ? ಸಂಬಳ ಕಡಮೆಯಾದರೂ ಅಡ್ಡಿಯಿಲ್ಲ” ಎಂದ. “ಮನೆಯಲ್ಲಿ ಕೇಳಿದ್ದೀಯೇನೋ?” ಎಂದೆವು. “ಅಪ್ಪನಿಗೆ ನೀವೇ ಹೇಳಬೇಕು” ಎಂದ. ಹೇಳಿದೆವು. ತಂದೆಗೆ ಮೊದಲು ಒಗ್ಗಲಿಲ್ಲ. ತಿಂಗಳಿಗೆ ಇಷ್ಟು ಕೊರತೆಯಾಗುವುದೆಂದು ಬೆರಳು ಮಡಿಸಿ ಲೆಕ್ಕ ಹಾಕಿದ. ಆ ಲೆಕ್ಕ ಸರಿಯಾಗಿಯೇ ಇತ್ತು. ಎರಡು ವರ್ಷಕ್ಕೆ ಒಟ್ಟು ಕೊರತೆ ಎಷ್ಟೆಂದು ಒಮ್ಮೆಲೇ ಕೂಡಿ ನೋಡಿ, ಅದನ್ನು ಎಲ್ಲಿಂದ ತುಂಬುವುದೆಂದು ಮೊದಲೇ ಗೊತ್ತುಮಾಡಿಕೊಂಡ ಮೇಲೆ ಮನೆಯಲ್ಲಿ ಪ್ರತಿ ತಿಂಗಳೂ ನಡೆಯುತ್ತಿದ್ದ ಜಗಳ ನಿಂತಿತು. ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ. ಓದುವ ಹುಡುಗರನ್ನು ಕೆಲಸಕ್ಕಿಟ್ಟುಕೊಂಡ ಹೊಟೇಲು ಮಾಲಕ ಬಾಂಧವರು ಇದನ್ನು ಗಮನಿಸಬೇಕು. ವಾರವಿಡೀ ಅರೆನಿದ್ರೆಯಲ್ಲಿ ಲೋಟ ಒಡೆಯುವವನಿಗಿಂತ ಎರಡು ದಿನ ಎಚ್ಚರವಾಗಿ ದುಡಿಯುವವನು ಧಂಧೆಗೂ ಲಾಭವೇ.

ವಿಶ್ವವಿದ್ಯಾಲಯದಲ್ಲಿಯೇ ‘ಕಮವಾ ಆಣಿ ಶಿಕಾ’, ಎಂದರೆ ದುಡಿಯುತ್ತ ಕಲಿ ಎಂಬ ಯೋಜನೆಯುಂಟು. ಗ್ರಂಥಾಲಯ, ಕಚೇರಿ, ತೋಟ ಮುಂತಾದ ಕಡೆ ದಿನಕ್ಕೆ ಕೆಲವು ಗಂಟೆ ದುಡಿದರೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಹೊಟೇಲಿನಷ್ಟು ಸಿಗಲಾರದು, ಆದರೆ ಹೋಗಿಬರುವ ಹೊತ್ತು ಉಳಿಯುತ್ತದೆ, ಕೆಲಸ ಮುಗಿಸಿ ನಾಲ್ಕು ಹೆಜ್ಜೆ ನಡೆದರೆ ಪುಸ್ತಕ. ಈ ಯೋಜನೆಗೆ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಬಡವರ ಮಕ್ಕಳು ಕೈಯಾರೆ ದುಡಿದು ಓದಬೇಕೆಂದು ಹೇಳಿ, ಹಾಗೆ ಓದಿಸಿಯೂ ತೋರಿಸಿದ ಮಹನೀಯರು ಅವರು. ಅವರ ಪೂರ್ವಜರು ನಮ್ಮ ಮೂಡಬಿದಿರೆ ಕಡೆಯವರೆಂದು ಹೇಳುವುದುಂಟು. ಪಾತ್ರೆ ತೊಳೆದ ಕೈಗೆ ತೋಟದ ಗುದ್ದಲಿ ಅವಮಾನವಲ್ಲವೆಂದು ನಮ್ಮ ಹುಡುಗರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ನೌಕರಿ ಹಿಡಿದು ಹತ್ತಾರು ವರ್ಷವಾದ ಗುಮಾಸ್ತರು, ಹೊಟೇಲು ಕೆಲಸಗಾರರು, “ನಮಗೆ ವಯಸ್ಸಾಯಿತು” ಎನ್ನುತ್ತಾರೆ. ವರಕವಿ ಬೇಂದ್ರೆಯವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮಾಡಿದರು, ಎಂ.ಎ. ಪದವಿ ಪಡೆದುದು 1935ರಲ್ಲಿ. ನಡುವೆ ಹದಿನೇಳು ವರ್ಷ. ಅವರು ಹುಟ್ಟಿದ್ದು 1896ರಲ್ಲಿ. ಲೆಕ್ಕ ಹಾಕಿ ನೋಡಿರಿ. ನಿತ್ಯವೂ ತರಗತಿಗೆ ಹೋಗಲಾರದವರಿಗೆ 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವಿದೆ, ನಾಶಿಕದಲ್ಲಿ 1989ರಿಂದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿದೆ. ಆದರೆ ಬೀದಿಯ ಫಲಕ ನೋಡಿ ಹಣ ಕಟ್ಟಬಾರದು. ಆ ಕೋರ್ಸಿಗೆ ಆ ವರ್ಷ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಬೇಕು.

ಓದಲು ಜಾಗ ಎಲ್ಲಿ? ಹತ್ತು ಅಡಿ ಹನ್ನೆರಡು ಅಡಿಯ ಖೋಲಿಯಲ್ಲಿ ಐದು ಜನ, ಒಂದು ಟಿ.ವಿ., ಮೂಲೆಯಲ್ಲಿ ಅಡುಗೆ. ಡಾಕ್ಟರ್ ಅಂಬೇಡ್ಕರರು ಹುಡುಗನಾಗಿದ್ದಾಗ ಮುಂಬಯಿಯ ಪರೇಲಿನ ಚಾಳಿನಲ್ಲಿ ಇಡೀ ಕುಟುಂಬಕ್ಕೆ ಒಂದೇ ಖೋಲಿಯಿತ್ತು. ತಂದೆ ರಾಮಜಿಯವರು ಮಗನನ್ನು ಬೇಗನೆ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಎಲ್ಲರೂ ಮಲಗಿದ ಹೊತ್ತೇ ಆ ಖೋಲಿಯ ಓದುವ ಕೋಣೆ. ನಮ್ಮಲ್ಲಿಯೂ ಇದು ಆಗದ ಮಾತಲ್ಲ. ಆದರೆ ಎಬ್ಬಿಸುವ ಭಾರವನ್ನು ಮನೆಯ ಒಬ್ಬರು ಹೊರಬೇಕು, ಮಿಕ್ಕವರು ದೀಪದ ಬಗ್ಗೆ ಗೊಣಗಬಾರದು. ಇದು ಆಗದಿದ್ದಲ್ಲಿ ಪುಣೆಯಲ್ಲಿ ‘ಅಭ್ಯಾಸಿಕಾ’ ಎಂಬ ಒಳ್ಳೆಯ ಪದ್ಧತಿಯಿದೆ: ತಿಂಗಳ ಬಾಡಿಗೆಗೆ ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಸ್ಪರ್ಧಾಪರೀಕ್ಷೆಗೆ ಓದುವವರಿಂದ ಇವು ತುಂಬಿರುತ್ತವೆ. ಮೊದಲೇ ಹೋಗಿ ಜಾಗ ಹಿಡಿಯಬೇಕು. ವಿಶ್ವವಿದ್ಯಾಲಯದ ಮೊದಲ ಕುಲಪತಿ ಡಾಕ್ಟರ್ ಜಯಕರರ ಹೆಸರಿನ ಗ್ರಂಥಾಲಯವಂತೂ ಇದ್ದೇ ಇದೆ. ತರಗತಿ ಮುಗಿದೊಡನೆ ಬಸ್ಸಿಗೆ ಓಡದೆ ಅಲ್ಲಿಯೇ ಮೂರು ಗಂಟೆ ಕುಳಿತು ಮನೆಗೆ ಬಂದರೆ ಖೋಲಿಯ ಗದ್ದಲ ಅಷ್ಟು ಬಾಧಿಸದು.

ಹಾಸ್ಟೆಲೋ ಮನೆಯೋ ಎಂಬ ಚರ್ಚೆ ಬಹಳ ಮನೆಗಳಲ್ಲಿ ನಡೆಯುತ್ತದೆ. ಹಾಸ್ಟೆಲಿನಲ್ಲಿ ಸ್ಥಳ ಕಡಮೆ. ದೂರದ ಜಿಲ್ಲೆಯವರು, ಅಂಕ ಹೆಚ್ಚು ಬಂದವರು ಮುಂದೆ ನಿಲ್ಲುತ್ತಾರೆ. ಭೋಸರಿಯವರು ಅದನ್ನು ನೆಚ್ಚಿ ಕುಳಿತಿರಬಾರದು. ಮನೆಯಿಂದಲೇ ಹೋಗುವುದಾದರೆ ಪ್ರವೇಶಕ್ಕೆ ಮುನ್ನ ಒಂದು ವಾರದ ದಿನ, ತರಗತಿಯ ಹೊತ್ತಿಗೆ ಸರಿಯಾಗಿ, ಮನೆಯ ಬಾಗಿಲಿನಿಂದ ವಿಭಾಗದ ಬಾಗಿಲಿನವರೆಗೆ ಒಮ್ಮೆ ಹೋಗಿ ನೋಡತಕ್ಕದ್ದು. ಭಾನುವಾರ ಹೋಗಿ ನೋಡಿದ ಲೆಕ್ಕ ಪ್ರಯೋಜನವಿಲ್ಲ. ಪಿಂಪರಿಯಿಂದ ಬರುವ ಮೆಟ್ರೋ 2023ರ ಆಗಸ್ಟ್‌ನಿಂದ ಶಿವಾಜಿನಗರವನ್ನು ದಾಟಿ ಓಡುತ್ತಿದೆ. ಆದರೆ ಅದು ಭೋಸರಿ ಊರಿನೊಳಕ್ಕೆ ಬರುವುದಿಲ್ಲ. ನಾಶಿಕ್ ಫಾಟಾದವರೆಗೆ ಬಸ್ಸನ್ನೋ ಶೇರ್ ರಿಕ್ಷಾವನ್ನೋ ಹಿಡಿಯಬೇಕು, ಆ ತುದಿಯಲ್ಲಿ ಶಿವಾಜಿನಗರದಿಂದ ಮತ್ತೊಂದು ಬಸ್ಸು. ಮೂರು ವಾಹನದ ದುಡ್ಡನ್ನೂ ನೇರ ಬಸ್ಸಿನ ಹೊತ್ತನ್ನೂ ತೂಗಿ ನೋಡಿ ಒಂದನ್ನು ಗೊತ್ತುಮಾಡಿಕೊಳ್ಳಬೇಕು. ಎರಡನೆಯ ಕೈಯ ಮೋಟಾರುಸೈಕಲ್ ಕೊಡಿಸಿರೆಂದು ಮಗ ಕೇಳಬಹುದು. ನಾಶಿಕ್ ಹೆದ್ದಾರಿಯ ಲಾರಿಗಳನ್ನು ಬಲ್ಲ ಯಾವ ತಾಯಿಯೂ ಇದಕ್ಕೆ ಒಪ್ಪಲಾರಳು; ನಾವು ತಾಯಿಯ ಪಕ್ಷ.

ಸಾಕುಪ್ರಾಣಿಯ ವಿಚಾರ ನಗೆಯ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಚಾಳಿನ ಮನೆಗಳಲ್ಲಿ ನಾಯಿ, ಬೆಕ್ಕುಗಳನ್ನು ತಂದವನು ಸಾಮಾನ್ಯವಾಗಿ ಕಾಲೇಜಿಗೆ ಹೋಗುವ ಹುಡುಗನೇ. ಬೆಳಿಗ್ಗೆ ಆರೂವರೆಗೆ ಹೊರಟು ರಾತ್ರಿ ಒಂಬತ್ತಕ್ಕೆ ಬರುವವನು ಅದನ್ನು ಸಾಕಲಾರ. ಆಗ ಆ ಕೆಲಸವು ಯಾರೂ ಹೇಳದೆಯೇ ತಾಯಿಯ ಮೇಲೆ, ಇಲ್ಲವೆ ಹತ್ತನೆಯ ತರಗತಿಯಲ್ಲಿರುವ ತಂಗಿಯ ಮೇಲೆ ಬೀಳುತ್ತದೆ. ಅಣ್ಣನ ಎಂ.ಎ.ಗಾಗಿ ತಂಗಿಯ ಪಾಠ ಕೆಡಬಾರದು. ಆದುದರಿಂದ ಯಾರು ಅನ್ನ ಹಾಕುವರು, ಯಾರು ಹೊರಗೆ ಕರೆದೊಯ್ಯುವರು, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸುವರಾರು ಎಂದು ಬಾಯಿಬಿಟ್ಟು ಮಾತಾಡಿರಬೇಕು. ನಾಯಿಯನ್ನು ಊರಿಗೆ ಕಳಿಸುತ್ತೇವೆಂಬವರು ತಿಳಿದಿರಲಿ: ರೈಲಿನಲ್ಲಿ ಅದನ್ನು ಪ್ರಥಮ ದರ್ಜೆಯ ಎ.ಸಿ.ಯ ಇಡೀ ಕೂಪೆ ಕಾದಿರಿಸಿ ಒಯ್ಯಬೇಕು, ಇಲ್ಲವೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಸ್ಲೀಪರ್ ಡಬ್ಬಿಯಲ್ಲಿ ಬೆಂಚಿನ ಕೆಳಗೆ ಅಡಗಿಸಿ ಒಯ್ಯುವಂತಿಲ್ಲ. ಹೊಟೇಲಿನ ಹಿತ್ತಲಿಗೆ ಬಿಟ್ಟರೆ ಹೇಗೂ ಬದುಕುತ್ತದೆಂಬುದು ನಮ್ಮವರಲ್ಲಿ ರೂಢಿಯ ಮಾತು. ಮನೆಯಲ್ಲಿ ಬೆಳೆದ ನಾಯಿಯನ್ನು ಬೀದಿಯ ನಾಯಿಗಳು ಹಿತ್ತಲಿನಲ್ಲಿ ನಿಲ್ಲಗೊಡುವುದಿಲ್ಲ. ನೆರೆಮನೆಯಲ್ಲಿ ಪ್ರೀತಿಯಿಂದ ಇಟ್ಟುಕೊಳ್ಳುವವರಿದ್ದರೆ ತಿಂಗಳು ಮೊದಲೇ ರೂಢಿ ಮಾಡಿಸುವುದು ಮೇಲು. ಬೆಕ್ಕಿನ ಚಿಂತೆ ಬೇಡ. ಎಲ್ಲಿರಬೇಕೆಂದು ಅದೇ ತೀರ್ಮಾನಿಸುತ್ತದೆ. ಗಿಳಿಯ ಮಾತು ಬೇರೆ: ನಮ್ಮ ದೇಶದ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಚಾಳಿನಲ್ಲಿ ಹಲವರ ಬಾಗಿಲಿಗೆ ಪಂಜರ ತೂಗುತ್ತಿದೆಯೆಂಬುದು ಸಮಾಧಾನಕ್ಕೆ ಕಾರಣವಲ್ಲ.

ಚೀಲಕ್ಕೆ ಬರೋಣ. ಲ್ಯಾಪ್‌ಟಾಪು ಒಂದೂವರೆ ಎರಡು ಕಿಲೋ, ಒಂದು ಲೀಟರು ನೀರು ಒಂದು ಕಿಲೋ, ಬುತ್ತಿ ಅರ್ಧ ಕಿಲೋ, ಗ್ರಂಥಾಲಯದ ಎರಡು ದಪ್ಪ ಪುಸ್ತಕ ಮತ್ತೆರಡು ಕಿಲೋ. ಒಂದು ಹೆಗಲಿನ ಚೀಲದಲ್ಲಿ ಐದಾರು ಕಿಲೋ ಹೊತ್ತು ನಿತ್ಯವೂ ಎರಡು ಗಂಟೆ ನಿಂತು ಪ್ರಯಾಣ ಮಾಡಿದರೆ ಕತ್ತು ಹಿಡಿಯುತ್ತದೆ. ಎರಡು ಹೆಗಲಿನ, ಅಗಲ ಪಟ್ಟಿಯ ಚೀಲವೇ ಸರಿ. ಬಣ್ಣ, ಕಂಪನಿ ಯಾವುದಾದರೂ ಆಗಲಿ, ಹೊಲಿಗೆ ಮತ್ತು ಜಿಪ್ ಗಟ್ಟಿಯಾಗಿರಬೇಕು. ಜೂನಿನಿಂದ ಸಪ್ಟೆಂಬರಿನವರೆಗೆ ಪುಣೆಯ ಮಳೆ. ‘ವಾಟರ್‌ಪ್ರೂಫ್’ ಎಂದು ಅಂಗಡಿಯವನು ಹೇಳಿದರೂ ಮೇಲೆ ಹೊದಿಸುವ ಕವರನ್ನು ಕೊಳ್ಳಲೇಬೇಕು, ಒಳಗೆ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಹೊಟೇಲಿಗೆ ಬರುವ ಅಕ್ಕಿಯ ಮೂಟೆಯೊಳಗಿನ ದಪ್ಪ ಹಾಳೆ ಇದಕ್ಕೆ ಬಹಳ ಒಳ್ಳೆಯದು, ಕಾಸಿನ ಖರ್ಚಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲ ಎದೆಯ ಮೇಲಿರಲಿ. ಬುತ್ತಿಯ ಡಬ್ಬಿಗೆ ಸಾರು ಹಾಕಬೇಡಿರೆಂದು ತಾಯಂದಿರಲ್ಲಿ ವಿನಂತಿ. ಗ್ರಂಥಾಲಯದ ಪುಸ್ತಕಕ್ಕೆ ಹುಳಿಯ ಕಲೆ ತಗಲಿದರೆ ಪುಸ್ತಕದ ಬೆಲೆ ಕಟ್ಟಬೇಕಾದೀತು.

ಆ ನಿತ್ಯದ ಚೀಲದಲ್ಲಿ ಎಂದಿಗೂ ಇಡಬಾರದ ವಸ್ತು ಒಂದಿದೆ: ಮೂಲ ಪ್ರಮಾಣಪತ್ರಗಳು. ಅಂಬೇಡ್ಕರರ ಇನ್ನೊಂದು ಕಥೆ ಇಲ್ಲಿ ನೆನಪಾಗುತ್ತದೆ. 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಸ್ವದೇಶಕ್ಕೆ ಮರಳಬೇಕಾಗಿ ಬಂದಾಗ ಅವರು ತಮ್ಮ ಪುಸ್ತಕಗಳನ್ನು ಬೇರೊಂದು ಹಡಗಿನಲ್ಲಿ ಕಳಿಸಿದ್ದರು. ಜರ್ಮನರ ಜಲಾಂತರ್ಗಾಮಿಯು ಆ ಹಡಗನ್ನು ಮುಳುಗಿಸಿತು. ಹೊಟ್ಟೆ ಕಟ್ಟಿ ಕೂಡಿಸಿದ ಪುಸ್ತಕಗಳೆಲ್ಲ ಸಮುದ್ರದ ಪಾಲಾದವು. ಪುಸ್ತಕವನ್ನು ಮತ್ತೆ ಕೊಳ್ಳಬಹುದು. ಹತ್ತನೆಯ ತರಗತಿಯ ಅಂಕಪಟ್ಟಿ ಕಳೆದರೆ ಬೋರ್ಡಿನ ಕಚೇರಿಗೆ, ಪೋಲೀಸು ಠಾಣೆಗೆ ಎಷ್ಟು ಸಲ ಅಲೆಯಬೇಕೆಂಬುದನ್ನು ಕಳೆದುಕೊಂಡವರನ್ನು ಕೇಳಿರಿ. ಮೂಲಪತ್ರ ಮನೆಯ ಟ್ರಂಕಿನಲ್ಲಿ, ನಕಲು ಚೀಲದಲ್ಲಿ, ಫೋಟೋ ಮೊಬೈಲಿನಲ್ಲಿ - ಹೀಗೆ ಮೂರು ಕಡೆ ಇರಲಿ.

ಕಾಗದಪತ್ರಗಳ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ವಲಸೆ ಬಂದ ನಮ್ಮಂಥವರ ಮಕ್ಕಳು ಎಡವುವುದು ಇಲ್ಲಿಯೇ. ಮಹಾರಾಷ್ಟ್ರದ ನಿವಾಸಿಯೆಂಬ ಡೊಮಿಸೈಲ್ ಪ್ರಮಾಣಪತ್ರಕ್ಕೆ ಹದಿನೈದು ವರ್ಷ ಇಲ್ಲಿ ವಾಸವಾಗಿದ್ದುದಕ್ಕೆ ಆಧಾರ ಬೇಕು. ಖೋಲಿ ಬದಲಿಸುತ್ತ ಬಂದವರು ಹಳೆಯ ಬಾಡಿಗೆ ಚೀಟಿ, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ ಇವನ್ನು ರದ್ದಿಗೆ ಹಾಕಬಾರದು. ಜಾತಿ ಪ್ರಮಾಣಪತ್ರದ್ದು ಇನ್ನೂ ಸೂಕ್ಷ್ಮ. ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೆ ಮುಂಚಿನಿಂದ, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕೆ ಮುಂಚಿನಿಂದ ಕುಟುಂಬವು ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ತೋರಿಸಿದರೆ ಮಾತ್ರ ಈ ರಾಜ್ಯದ ಮೀಸಲಾತಿ ದೊರೆಯುತ್ತದೆ. ಆಮೇಲೆ ಬಂದವರ ಜಾತಿ ಊರಿನಲ್ಲಿ ಯಾವ ಪಟ್ಟಿಯಲ್ಲಿದ್ದರೂ ಇಲ್ಲಿ ಅದರ ಫಲವಿಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರು ವಲಸೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯ ಕೇಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿಯೇ ತೀರ್ಪಿತ್ತಿದೆ. ಇದು ನ್ಯಾಯವೇ ಎಂದು ಕೇಳಿದರೆ ನಮ್ಮ ಉತ್ತರ ಬೇರೆ ಇರಬಹುದು. ಆದರೆ ಫೀಸಿನ ಲೆಕ್ಕ ಹಾಕುವಾಗ ಇದನ್ನು ಮೊದಲೇ ತಿಳಿದಿರಬೇಕು. ರಿಯಾಯತಿ ಸಿಗುವುದೆಂದು ನಂಬಿ ಪ್ರವೇಶ ಪಡೆದು, ಮಧ್ಯದಲ್ಲಿ ಪೂರ್ತಿ ಹಣ ಕಟ್ಟಿರೆಂದಾಗ ಕಂಗೆಡುವ ಸ್ಥಿತಿ ಯಾರಿಗೂ ಬರಬಾರದು.

ಹೆಸರಿನ ತೊಡಕು ಮತ್ತೊಂದು. ಊರಿನ ಶಾಲೆಯಲ್ಲಿ ಇನಿಶಿಯಲ್ ಮುಂದಿಟ್ಟು ಬರೆದ ಹೆಸರು, ಇಲ್ಲಿನ ಕಾಲೇಜಿನಲ್ಲಿ ಅಡ್ಡಹೆಸರು, ತನ್ನ ಹೆಸರು, ತಂದೆಯ ಹೆಸರು ಎಂಬ ಕ್ರಮದಲ್ಲಿ ಹಿಗ್ಗುತ್ತದೆ. ಆಧಾರದಲ್ಲಿ ಮೂರನೆಯ ಬಗೆ. ಮೂರೂ ಒಬ್ಬನೇ ಎಂದು ಹುಡುಗನಿಗೆ ಗೊತ್ತು, ಗುಮಾಸ್ತನಿಗೆ ಗೊತ್ತಿಲ್ಲ. ಅಫಿಡವಿಟ್ಟೋ ಗೆಜೆಟ್ ಪ್ರಕಟಣೆಯೋ ಬೇಕಾದರೆ ಫಲಿತಾಂಶಕ್ಕೆ ಕಾಯದೆ ಮೊದಲೇ ಮಾಡಿಸಬೇಕು. ಮಂಗಳೂರು ಅಥವಾ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಇಲ್ಲಿಗೆ ಬರುವವರು ಅಲ್ಲಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕು. ಅದರ ಮೂಲಪ್ರತಿಯನ್ನು ಇಲ್ಲಿ ಒಪ್ಪಿಸಬೇಕಾದುದರಿಂದ ಮೊದಲೇ ನಕಲು ತೆಗೆದಿಡತಕ್ಕದ್ದು.

ಎಂ.ಎ. ಮುಗಿಸಿ ಸಂಶೋಧನೆಗೆ ಹೋಗುವ ಆಸೆಯಿದ್ದರೆ ನೆಟ್ ಪರೀಕ್ಷೆಯ ಜೆ.ಆರ್.ಎಫ್. ಎಂಬ ವೇತನವನ್ನು ಗಮನದಲ್ಲಿಡಬೇಕು. 2023ರ ಜನವರಿಯಿಂದ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಕನ್ನಡ ವಿಷಯದಲ್ಲಿಯೂ ಪರೀಕ್ಷೆಯುಂಟು. ಸಾಮಾನ್ಯ ವರ್ಗದ ಹುಡುಗರಿಗೆ ಮೂವತ್ತು ವರ್ಷದ ಮಿತಿಯಿರುವುದರಿಂದ, ನಡುವೆ ನಾಲ್ಕು ವರ್ಷ ದುಡಿದು ಆಮೇಲೆ ನೋಡೋಣ ಎಂಬವರು ವಯಸ್ಸಿನ ಲೆಕ್ಕವನ್ನೂ ಹಾಕಿಕೊಳ್ಳಲಿ.

ತಹಸೀಲ ಕಚೇರಿಯ ಕೆಲಸಕ್ಕೆ ಯಾವ ದಿನ ಹೋಗಬೇಕೆಂದು ಅನೇಕರು ಕೇಳುತ್ತಾರೆ. 2020ರ ಫೆಬ್ರವರಿ 29ರಿಂದ ಮಹಾರಾಷ್ಟ್ರ ಸರಕಾರದ ಕಚೇರಿಗಳಿಗೆ ವಾರಕ್ಕೆ ಐದೇ ದಿನ. ಶನಿವಾರ, ಭಾನುವಾರ ಬಾಗಿಲು ತೆರೆಯುವುದಿಲ್ಲ. ಹೊಟೇಲಿನವರಿಗೆ ಆ ಎರಡು ದಿನ ಹೇಗೂ ಬಿಡುವಿಲ್ಲ. ನಡುವಾರದಲ್ಲಿ ಸಿಗುವ ರಜೆಯ ದಿನ, ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ, ಮೂಲಪತ್ರ ಮತ್ತು ಎರಡು ಸೆಟ್ಟು ನಕಲಿನೊಂದಿಗೆ ತಂದೆ ಮಗ ಇಬ್ಬರೂ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಊಟದ ವಿರಾಮಕ್ಕೆ ಮುಂಚೆ ಅರ್ಜಿ ಒಳಗೆ ಹೋಗಿರಬೇಕು.